ಹದಿನೈದು ಯತ್ನಗಳಿಂದ ತಿಳಿಯುವುದೆಷ್ಟು?

ಕಬಡ್ಡಿಯ ಅಂಕಣದಲ್ಲಿ ಏಳು ಮಂದಿ ರಕ್ಷಕರು ಕಮಾನಿನಂತೆ ಬಾಗಿ ನಿಲ್ಲುವುದನ್ನು ಎಲ್ಲರೂ ನೋಡಿದ್ದೇವೆ. ಆ ಕಮಾನಿನ ಎರಡು ತುದಿಗಳಲ್ಲಿರುವವರೇ ಎಡ ಮೂಲೆಯ ಮತ್ತು ಬಲ ಮೂಲೆಯ ಆಟಗಾರರು. ಅಂಥ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳೋಣ. ಊರು ಚಿಂಚೋಳಿ, ವಯಸ್ಸು ಹತ್ತೊಂಬತ್ತು. ಸೇಡಂನಲ್ಲಿ ನಡೆದ ಒಂದು ಪಂದ್ಯಾವಳಿಯಲ್ಲಿ ಅವನು ದಾಳಿಗಾರರನ್ನು ಹಿಡಿಯಲು 15 ಸಲ ಯತ್ನಿಸಿ 9 ಸಲ ಗೆದ್ದನು. ಎಂದರೆ ಶೇಕಡ 60. ವೃತ್ತಿಪರ ತಂಡದವರು ಅವನನ್ನು ಆರಿಸಿಕೊಂಡರೆ ಅವನು ಕಾಲೇಜನ್ನು ಬಿಟ್ಟು ಹೋಗಬಹುದೆ? ಪ್ರೊ ಕಬಡ್ಡಿ ಲೀಗ್ 2014ರಲ್ಲಿ ಆರಂಭವಾದಂದಿನಿಂದ ಇದು ಕೇವಲ ಹರಟೆಯ ಪ್ರಶ್ನೆಯಾಗಿ ಉಳಿದಿಲ್ಲ. 2018ರ ಹರಾಜಿನಲ್ಲಿ ಇರಾನಿನ ಫಜಲ್ ಅತ್ರಾಚಲಿ ಎಂಬ ಎಡ ಮೂಲೆಯ ಆಟಗಾರನಿಗೆ ಒಂದು ಕೋಟಿ ರೂಪಾಯಿಯ ಬೆಲೆ ಬಂದಿತು. ಇಂಥ ಸುದ್ದಿಯನ್ನು ಓದಿದ ಮನೆಯಲ್ಲಿ ಪುಸ್ತಕವನ್ನು ಮುಚ್ಚಿಡುವ ಆಸೆ ಹುಟ್ಟುವುದು ಸಹಜವೇ ಆಗಿದೆ.

ಮೊದಲು ಮೂಲೆಯವನ ಕೆಲಸವೆಂಥದು ಎಂಬುದನ್ನು ನೋಡೋಣ. ಪುರುಷರ ಅಂಕಣದಲ್ಲಿ ಮಧ್ಯರೇಖೆಯಿಂದ 3.75 ಮೀಟರ್ ದೂರದಲ್ಲಿ ಬಾಕ್ ಗೆರೆಯೂ 4.75 ಮೀಟರಿನಲ್ಲಿ ಬೋನಸ್ ಗೆರೆಯೂ 6.5 ಮೀಟರಿನಲ್ಲಿ ಕೊನೆಯ ಗೆರೆಯೂ ಇರುತ್ತವೆ. ದಾಳಿಗಾರನು ಒಳಕ್ಕೆ ಬಂದು ಕಾಲು ಚಾಚಿದಾಗ ಅವನ ಕಣಕಾಲನ್ನು ಹಿಡಿದು ಬೀಳಿಸುವುದು ಮೂಲೆಯವನ ಮುಖ್ಯ ವಿದ್ಯೆ. ಕಣ್ಣಿಗೆ ಕಂಡದ್ದಕ್ಕೆ ಕೈ ಪ್ರತಿಕ್ರಿಯೆ ತೋರಲು ಮನುಷ್ಯನಿಗೆ ಸುಮಾರು 0.2 ಸೆಕೆಂಡು ಬೇಕು. ಚಾಚಿದ ಪಾದವು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಚಲಿಸುತ್ತಿದೆ ಎಂದಿಟ್ಟುಕೊಂಡರೆ, ಅಷ್ಟು ಹೊತ್ತಿಗೆ ಅದು ಒಂದು ಮೀಟರ್ ಸಾಗಿಬಿಟ್ಟಿರುತ್ತದೆ. ಆದ್ದರಿಂದ ಪಾದವನ್ನು ನೋಡಿ ಪಾದವನ್ನು ಹಿಡಿಯುವುದು ಅಸಾಧ್ಯ. ಒಳ್ಳೆಯ ಮೂಲೆಯವನು ಎದುರಾಳಿಯ ಸೊಂಟ, ಭುಜಗಳ ತಿರುವನ್ನು ನೋಡಿ, ಪಾದವು ಎಲ್ಲಿಗೆ ಬರುವುದೆಂದು ಮುಂಚೆಯೇ ಊಹಿಸುತ್ತಾನೆ. ಬರಿಯ ಚುರುಕುತನವನ್ನು ಗಡಿಯಾರದಿಂದ ಅಳೆದು ಆಟಗಾರರನ್ನು ಆರಿಸುವವರು ಈ ಮಾತನ್ನು ಮರೆಯಬಾರದು.

ಹಿಡಿದ ಸ್ಥಳವೂ ಅಷ್ಟೇ ಮುಖ್ಯ. 175 ಸೆಂಟಿಮೀಟರ್ ಎತ್ತರದ ಮನುಷ್ಯನು ತೋಳುಗಳನ್ನು ತಲೆಯ ಮೇಲಕ್ಕೆ ಚಾಚಿ ಬಿದ್ದರೆ, ಕಣಕಾಲಿನಿಂದ ಬೆರಳ ತುದಿಯವರೆಗೆ ಸುಮಾರು 2.1 ಮೀಟರ್ ಆಗುತ್ತದೆ. ಮಧ್ಯರೇಖೆಯಿಂದ 2 ಮೀಟರ್ ದೂರದಲ್ಲಿ ಅವನ ಕಾಲನ್ನು ಹಿಡಿದರೆ ಅವನು ಬೀಳುತ್ತಲೇ ರೇಖೆಯನ್ನು ಮುಟ್ಟುತ್ತಾನೆ, ಹಿಡಿದವನೇ ಔಟಾಗುತ್ತಾನೆ. ಅದೇ ಹಿಡಿತವು ಬಾಕ್ ಗೆರೆಯ ಮೇಲೆ ಬಿದ್ದರೆ ದಾಳಿಗಾರನು ಇನ್ನೂ 1.65 ಮೀಟರ್ ತೆವಳಬೇಕಾಗುತ್ತದೆ. ಅಷ್ಟರಲ್ಲಿ ಕವರ್ ಆಟಗಾರರು ಅವನ ಮೇಲೆ ಬಿದ್ದಿರುತ್ತಾರೆ. ಹೀಗಿರುವಾಗ ಆ ಅಂಕವು ಮೂಲೆಯವನದೋ, ಕವರಿನವರದೋ? ಲೆಕ್ಕದ ಪುಸ್ತಕದಲ್ಲಿ ಒಂದೇ ಹೆಸರು ಬರೆಯಲ್ಪಡುತ್ತದೆ.

ಬರೆಯಲ್ಪಡದ ಸಂಗತಿಯೂ ಒಂದುಂಟು. ಅಮೆರಿಕದ ಫುಟ್‌ಬಾಲಿನಲ್ಲಿ ಕಾರ್ನರ್‌ಬ್ಯಾಕ್ ಎಂಬವನು ಅಂಚಿನಲ್ಲಿ ನಿಂತು, ಚೆಂಡನ್ನು ಹಿಡಿಯಲು ಓಡುವ ಎದುರಾಳಿಯನ್ನು ಕಾಯುತ್ತಾನೆ. ಅವನು ಬಹಳ ಸಮರ್ಥನಾದರೆ ಚೆಂಡನ್ನು ಅವನ ಕಡೆಗೆ ಎಸೆಯುವುದೇ ಇಲ್ಲ. ಆಗ ಅವನ ಹೆಸರಿನ ಮುಂದೆ ಅಂಕಿಗಳೂ ಕಡಿಮೆ. ನಮ್ಮ ಮೂಲೆಯವನಿಗೂ ಇದೇ ಗತಿ. ದಾಳಿಗಾರರು ಅವನಿಗೆ ಹೆದರಿ ಇನ್ನೊಂದು ಮೂಲೆಗೆ ಹೋದರೆ ಅದನ್ನು ಯಾರೂ ಎಣಿಸುವುದಿಲ್ಲ.

ಈಗ ಶೇಕಡ 60ಕ್ಕೆ ಬರೋಣ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದು ಊರುಗಳಿಂದ ಊರಿಗೆ ಹತ್ತರಂತೆ ತಂಡಗಳು ಬಂದಿವೆ ಎನ್ನೋಣ. ತಂಡಕ್ಕೆ ಇಬ್ಬರಂತೆ ಮೂಲೆಯವರು 100 ಮಂದಿ ಆದರು. ಅವರೆಲ್ಲರೂ ಸಮಾನರು, ಪ್ರತಿಯೊಬ್ಬನೂ ಸರಾಸರಿಯಲ್ಲಿ ಐದು ಯತ್ನಗಳಿಗೆ ಎರಡು ಸಲ, ಅಂದರೆ ಶೇಕಡ 40ರಂತೆ ಗೆಲ್ಲುವವನು ಎಂದು ಭಾವಿಸೋಣ. ಓದುಗರು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಚೀಲದಲ್ಲಿ ಮೂರು ಕೆಂಪು ತೊಗರಿಕಾಳು, ಎರಡು ಬಿಳಿ ತೊಗರಿಕಾಳು ಹಾಕಿ, ನೋಡದೆ ಒಂದನ್ನು ತೆಗೆದು, ಬಣ್ಣವನ್ನು ಬರೆದುಕೊಂಡು, ಮತ್ತೆ ಒಳಕ್ಕೆ ಹಾಕಬೇಕು. ಹೀಗೆ 15 ಸಲ ಮಾಡಿದರೆ ಒಬ್ಬ ಆಟಗಾರನ ಪಂದ್ಯಾವಳಿ ಮುಗಿಯಿತು. ಬಿಳಿಯ ಕಾಳು 9 ಅಥವಾ ಹೆಚ್ಚು ಸಲ ಬರುವ ಸಂಭಾವ್ಯತೆ 0.095. ಎಂದರೆ ನೂರು ಮಂದಿಯಲ್ಲಿ ಒಂಬತ್ತು ಹತ್ತು ಮಂದಿ, ಇತರರಿಗಿಂತ ಎಳ್ಳಷ್ಟೂ ಹೆಚ್ಚಿನ ಸಾಮರ್ಥ್ಯವಿಲ್ಲದೆಯೇ, ನಮ್ಮ ಚಿಂಚೋಳಿಯ ತರುಣನಷ್ಟು ಅಥವಾ ಅವನಿಗಿಂತ ಚೆನ್ನಾಗಿ ಆಡಿದಂತೆ ಕಾಣುತ್ತಾರೆ! ಆಯ್ಕೆಗಾರರ ಕಣ್ಣು ಬೀಳುವುದಾದರೋ ಇಂಥವರ ಮೇಲೆಯೇ.

ಆ ಕಡೆಯ ಸಿಮೆಂಟ್ ಕಾರ್ಖಾನೆಗಳ ರಸಾಯನಶಾಸ್ತ್ರಜ್ಞರಿಗೆ ಇದು ಹೊಸ ಮಾತಲ್ಲ. ಗಣಿಯಿಂದ ಬಂದ ಸುಣ್ಣಕಲ್ಲಿನಲ್ಲಿ ಸುಣ್ಣವೆಷ್ಟಿದೆ ಎಂದು ತಿಳಿಯಲು ಅವರು ಒಂದು ಚೂರನ್ನು ಪರೀಕ್ಷಿಸಿ ಸುಮ್ಮನಾಗುವುದಿಲ್ಲ. ಹಲವು ಕಡೆಯಿಂದ ಮಾದರಿಗಳನ್ನು ತೆಗೆಯುತ್ತಾರೆ. ಮಾದರಿ ಹೆಚ್ಚಿದಂತೆ ತಪ್ಪು ಕಡಿಮೆಯಾಗುತ್ತದೆ, ಆದರೆ ನಿಧಾನವಾಗಿ. 15 ಯತ್ನಗಳಲ್ಲಿ ಶೇಕಡದ ಅಂಕಿಯು ಆಕಸ್ಮಿಕವಾಗಿಯೇ ಸುಮಾರು 13ರಷ್ಟು ಅತ್ತಿತ್ತ ಸರಿಯಬಲ್ಲುದು. ಅದನ್ನು ಅರ್ಧಕ್ಕೆ ಇಳಿಸಬೇಕಾದರೆ ಯತ್ನಗಳನ್ನು ಇಮ್ಮಡಿಗೊಳಿಸಿದರೆ ಸಾಲದು, ನಾಲ್ಕು ಮಡಿ ಮಾಡಬೇಕು, ಎಂದರೆ 60. ಅಷ್ಟು ಯತ್ನಗಳು ದೊರೆಯುವುದು ಸುಲಭವಲ್ಲ. ಉತ್ತರ ಪ್ರದೇಶದ ಯೋಧಾ ತಂಡದ ಬಲ ಮೂಲೆಯ ನಿತೇಶ್ ಕುಮಾರ್ 2018ರಲ್ಲಿ ಆರಂಭವಾದ ಆರನೆಯ ಋತುವಿನಲ್ಲಿ ಹಿಡಿತದಿಂದಲೇ 100 ಅಂಕ ಗಳಿಸಿದಾಗ, ಒಂದು ಋತುವಿನಲ್ಲಿ ಅಷ್ಟು ಗಳಿಸಿದ ಮೊದಲನೆಯವನೆನಿಸಿದನು. ಲೀಗಿನ ಇಡೀ ಋತುವಿಗೇ ಲೆಕ್ಕ ಇಷ್ಟಾದರೆ ತಾಲ್ಲೂಕಿನ ಹುಡುಗನ ಮಾತೇನು?

ಅಲ್ಪ ಮಾದರಿಯಿಂದಲೇ ನಿರ್ಣಯಿಸಬೇಕಾದಾಗ ಸಂಖ್ಯಾಶಾಸ್ತ್ರವು ಒಂದು ಉಪಾಯವನ್ನು ಹೇಳುತ್ತದೆ: ಆಟಗಾರನ ಅಂಕಿಯನ್ನು ಗುಂಪಿನ ಸರಾಸರಿಯ ಕಡೆಗೆ ಸ್ವಲ್ಪ ಎಳೆಯಬೇಕು. ಎತ್ತರದ ತಂದೆತಾಯಿಗಳ ಮಕ್ಕಳು ಸರಾಸರಿಯಲ್ಲಿ ಅವರಷ್ಟು ಎತ್ತರವಿರುವುದಿಲ್ಲವೆಂದು 1886ರಲ್ಲಿ ಗಾಲ್ಟನ್ ತೋರಿಸಿದ್ದನು. ಆ ಸರಾಸರಿಯ ಸೆಳೆತವೇ ಇಲ್ಲಿಯೂ ಇದೆ. ಎಫ್ರಾನ್ ಮತ್ತು ಮಾರಿಸ್ ಎಂಬ ಅಮೆರಿಕದ ವಿದ್ವಾಂಸರು 1970ನೆಯ ಋತುವಿನ 18 ಬೇಸ್‌ಬಾಲ್ ಆಟಗಾರರನ್ನು ತೆಗೆದುಕೊಂಡು, ಅವರ ಮೊದಲ 45 ಸರದಿಗಳಿಂದ ಉಳಿದ ಋತುವನ್ನು ಊಹಿಸಿ ನೋಡಿದರು. ಸರಾಸರಿಯ ಕಡೆಗೆ ಎಳೆದ ಅಂಕಿಗಳಲ್ಲಿ ತಪ್ಪುಗಳ ವರ್ಗಗಳ ಮೊತ್ತವು, ಎಳೆಯದ ಅಂಕಿಗಳಲ್ಲಿದ್ದುದರ ಮೂರನೆಯ ಒಂದಂಶಕ್ಕಿಂತಲೂ ಕಡಿಮೆಯಾಯಿತು. ಆದರೆ ಈ ವಿಧಾನವು ಎಲ್ಲರಿಗೂ ನ್ಯಾಯ ಮಾಡಲಿಲ್ಲ. 45ರಲ್ಲಿ 18 ಹೊಡೆದಿದ್ದ ರಾಬರ್ಟೊ ಕ್ಲೆಮೆಂಟೆ ನಿಜವಾಗಿಯೂ ಅಸಾಧಾರಣನು. ಅವನನ್ನು ಅದು ಅತಿಯಾಗಿ ಕೆಳಗೆಳೆಯಿತು. ಗುಂಪಿನ ಒಟ್ಟು ತಪ್ಪನ್ನು ತಗ್ಗಿಸುವ ವಿಧಾನವು ಅಪರೂಪದ ಒಬ್ಬನನ್ನು ಗುರುತಿಸದೆ ಹೋಗಬಹುದು. ಹಿಂದಿನ ದಾಖಲೆಯೇ ಇಲ್ಲದ ಸಣ್ಣ ಊರಿನವರಿಗೆ ಈ ನಷ್ಟ ಹೆಚ್ಚೆಂದು ನಮಗೆ ತೋರುತ್ತದೆ. ದೊಡ್ಡ ನಗರದವನಿಗೆ ನೂರು ಯತ್ನಗಳ ಲೆಕ್ಕವಿರುತ್ತದೆ, ಇವನಿಗಿರುವುದು ಹದಿನೈದು.

ನಮ್ಮ ತರುಣನಿಗೆ ಲೆಕ್ಕ ಹಾಕೋಣ. ಗುಂಪಿನ ಸರಾಸರಿ 40; ಆಟಗಾರರ ನಿಜವಾದ ಸಾಮರ್ಥ್ಯಗಳು ಅದರಿಂದ ಸಾಮಾನ್ಯವಾಗಿ 9ರಷ್ಟು ಅತ್ತಿತ್ತ ಹರಡಿವೆ ಎಂದು ಊಹಿಸೋಣ. ಹಾಗಾದರೆ ಪ್ರತಿಯೊಬ್ಬನ ಲೆಕ್ಕಕ್ಕೆ 12 ಗೆಲವುಳ್ಳ 30 ಕಾಲ್ಪನಿಕ ಯತ್ನಗಳನ್ನು ಸೇರಿಸಿದರೆ ಸಾಕೆಂದು ಗಣಿತದಿಂದ ತಿಳಿಯುತ್ತದೆ. ಆಗ ಅವನದು 45ರಲ್ಲಿ 21, ಎಂದರೆ ಶೇಕಡ 46.7. ಸಾಧಾರಣರಿಗಿಂತ ಮೇಲು, ಆದರೆ ಕಾಲೇಜನ್ನು ಬಿಡುವಷ್ಟಿಲ್ಲ.

ಅವನು ಓದುತ್ತಲೇ ಇನ್ನೊಂದು ವರ್ಷ ಆಡಲಿ. ಅವನ ಗೆಳೆಯನೊಬ್ಬನು ಅಂಕಣದ ಪಕ್ಕದಲ್ಲಿ ಕುಳಿತು, ಪ್ರತಿ ಯತ್ನವೂ ಮಧ್ಯರೇಖೆಯಿಂದ ಎಷ್ಟು ದೂರದಲ್ಲಿ ನಡೆಯಿತು, ಆಗ ಅಂಕಣದಲ್ಲಿ ಎಷ್ಟು ರಕ್ಷಕರಿದ್ದರು, ನೆರವಿಗೆ ಯಾರು ಬಂದರು, ಎಷ್ಟು ದಾಳಿಗಾರರು ಅವನ ಮೂಲೆಯನ್ನು ಬಿಟ್ಟು ಹೋದರು ಎಂಬುದನ್ನು ಬರೆದಿಡಲಿ. ಇನ್ನೂ 45 ಯತ್ನಗಳಲ್ಲಿ ಅವನು 27 ಗೆದ್ದನೆನ್ನೋಣ. ಅದೂ ಶೇಕಡ 60ರ ಲೆಕ್ಕವೇ. ಆದರೆ ಒಟ್ಟು 60 ಯತ್ನಗಳಿಗೆ 36 ಗೆಲವು. ಕಾಲ್ಪನಿಕವಾದವನ್ನು ಸೇರಿಸಿದರೆ 90ಕ್ಕೆ 48, ಎಂದರೆ ಶೇಕಡ 53.3. ಹೋದ ವರ್ಷ ಅದೇ ಹುಡುಗನಿಗೆ 46.7ನ್ನು ಕೊಟ್ಟಿದ್ದ ಗಣಿತವು ಈಗ ಆಯ್ಕೆಗಾರರ ಮುಂದೆ ಅವನ ಪರವಾಗಿ ಸಾಕ್ಷಿ ನುಡಿಯುತ್ತದೆ.