ಸಿಂಪರಣಾ ಡ್ರೋನ್: ವಿದ್ಯುತ್ತು ಮತ್ತು ಅಳತೆ ಉಪಕರಣಗಳ ಪ್ರಾಥಮಿಕ ಪಾಠ

ಬೆಳೆಗಳಿಗೆ ಔಷಧಿ ಸಿಂಪಡಿಸುವ ಡ್ರೋನ್‌ಗಳು ಈಗ ಹಳ್ಳಿಗಳಲ್ಲಿಯೂ ಕಾಣಸಿಗುತ್ತಿವೆ. 2021ರ ಡ್ರೋನ್ ನಿಯಮಗಳು ಜಾರಿಗೆ ಬಂದ ನಂತರ ಇವುಗಳ ಬಳಕೆ ಸುಲಭವಾಯಿತು. 2023ರಲ್ಲಿ ಕೇಂದ್ರ ಸರ್ಕಾರವು ಒಪ್ಪಿಗೆ ನೀಡಿದ ನಮೋ ಡ್ರೋನ್ ದೀದಿ ಯೋಜನೆಯು 15,000 ಮಹಿಳಾ ಸ್ವಸಹಾಯ ಗುಂಪುಗಳಿಗೆ ಡ್ರೋನ್ ಒದಗಿಸುವ ಗುರಿಯನ್ನು ಇಟ್ಟುಕೊಂಡಿತು. ಹಾರಿಸುವ ವಿಧಾನವನ್ನು ತರಬೇತಿ ಕೇಂದ್ರಗಳಲ್ಲಿ ಕಲಿಸಲಾಗುತ್ತದೆ. ಆದರೆ ಹಾರಿಸಲು ಬಂದವರಿಗೆಲ್ಲ ಯಂತ್ರದ ಆರೈಕೆ ಬರುತ್ತದೆಂದು ಹೇಳಲಾಗದು.

ಡ್ರೋನ್ ಎಂಬುದು ಒಂದು ಚಿಕ್ಕ ವಿಮಾನವೇ ಸರಿ. ದೊಡ್ಡ ವಿಮಾನಗಳ ವಿದ್ಯುತ್ ಉಪಕರಣಗಳನ್ನು ನೋಡಿಕೊಳ್ಳುವವರಿಗೆ ಕಲಿಸುವ ಮೊದಲ ಪಾಠಗಳು ಇಲ್ಲಿಗೂ ಹೊಂದುತ್ತವೆ. ಅವುಗಳಲ್ಲಿ ಮುಖ್ಯವಾದುದು ಇದು: ಯಾವ ಉಪಕರಣವೂ ನಮಗೆ ಬೇಕಾದುದನ್ನು ನೇರವಾಗಿ ಅಳೆಯುವುದಿಲ್ಲ, ಬೇರೆ ಏನನ್ನೋ ಅಳೆದು ಅದರಿಂದ ಲೆಕ್ಕ ಹಾಕಿ ಹೇಳುತ್ತದೆ. ಆ ಬೇರೆ ವಸ್ತು ಯಾವುದೆಂದು ತಿಳಿದವನಿಗೆ ಮಾತ್ರ ಉಪಕರಣ ಯಾವಾಗ ತಪ್ಪು ಹೇಳುತ್ತದೆಂಬುದು ತಿಳಿಯುತ್ತದೆ.

ಬ್ಯಾಟರಿ

ಪಂಪ್‌ಸೆಟ್ ಇಟ್ಟುಕೊಂಡ ರೈತರಿಗೆ ವೋಲ್ಟೇಜು, ಆಂಪಿಯರ್ ಎಂಬ ಪದಗಳು ಹೊಸತಲ್ಲ. ಮೇಲಿನ ತೊಟ್ಟಿಯ ನೀರಿನ ಎತ್ತರವನ್ನು ವೋಲ್ಟೇಜಿಗೂ, ಕೊಳವೆಯಲ್ಲಿ ಹರಿಯುವ ನೀರಿನ ಪ್ರಮಾಣವನ್ನು ಆಂಪಿಯರಿಗೂ, ಕೊಳವೆಯ ಇಕ್ಕಟ್ಟನ್ನು ರೋಧಕ್ಕೂ ಹೋಲಿಸಬಹುದು. ಪ್ರವಾಹವನ್ನು ರೋಧದಿಂದ ಗುಣಿಸಿದರೆ ವೋಲ್ಟೇಜು ಬರುತ್ತದೆ. ಇದೊಂದು ಸೂತ್ರ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಸಿಂಪರಣಾ ಡ್ರೋನ್‌ಗಳಲ್ಲಿ ಸಾಮಾನ್ಯವಾಗಿ ಲಿಥಿಯಂ ಪಾಲಿಮರ್ ಬ್ಯಾಟರಿ ಇರುತ್ತದೆ. ಇದರ ಒಂದೊಂದು ಕೋಶದ ಹೆಸರಿನ ವೋಲ್ಟೇಜು 3.7, ಪೂರ್ತಿ ತುಂಬಿದಾಗ 4.2. ಹನ್ನೆರಡು ಕೋಶಗಳನ್ನು ಸಾಲಾಗಿ ಜೋಡಿಸಿದ ಬ್ಯಾಟರಿ 44.4 ವೋಲ್ಟಿನದಾಗಿದ್ದು, ತುಂಬಿದಾಗ 50.4 ವೋಲ್ಟ್ ತೋರಿಸುತ್ತದೆ. ಕೋಶದ ವೋಲ್ಟೇಜು 3.0ಕ್ಕಿಂತ ಕೆಳಗಿಳಿದರೆ ಅದು ಶಾಶ್ವತವಾಗಿ ಕೆಡುವ ಸಂಭವವುಂಟು.

ಇಲ್ಲಿ ಒಟ್ಟು ಮೊತ್ತವನ್ನು ಮಾತ್ರ ನೋಡುವುದು ಅಪಾಯಕರ. ಹನ್ನೊಂದು ಕೋಶಗಳು 3.9ರಲ್ಲಿದ್ದು ಹನ್ನೆರಡನೆಯದು 3.2ಕ್ಕೆ ಇಳಿದಿದ್ದರೂ ಒಟ್ಟು 46.1 ವೋಲ್ಟ್ ಬರುತ್ತದೆ. ಮೀಟರು ನೋಡಿದವರು ಅರ್ಧಕ್ಕಿಂತ ಹೆಚ್ಚು ಶಕ್ತಿ ಉಳಿದಿದೆಯೆಂದು ತಿಳಿಯುತ್ತಾರೆ. ಹತ್ತು ಲೀಟರ್ ಔಷಧಿ ಹೊತ್ತು ಮೇಲೇರಿದಾಗ ಆ ಒಂದು ಕೋಶ ಕುಸಿಯುತ್ತದೆ, ಯಂತ್ರ ಹೊಲದ ಮಧ್ಯದಲ್ಲಿ ಬೀಳುತ್ತದೆ. ಎತ್ತಿನ ಜೋಡಿಯಲ್ಲಿ ಒಂದು ಕುಂಟುತ್ತಿದ್ದರೆ ಇನ್ನೊಂದರ ಬಲ ಲೆಕ್ಕಕ್ಕೆ ಬಾರದು. ಆದ್ದರಿಂದ ಪ್ರತಿ ಕೋಶದ ವೋಲ್ಟೇಜನ್ನು ಪ್ರತ್ಯೇಕವಾಗಿ, ಹಾರಾಟಕ್ಕೆ ಮುಂಚೆ ಹಾಗೂ ಇಳಿದ ಕೂಡಲೇ ನೋಡಬೇಕು.

ಟ್ರ್ಯಾಕ್ಟರಿನ ಸೀಸದ ಬ್ಯಾಟರಿಯನ್ನು ಸದಾ ತುಂಬಿಡಬೇಕೆಂಬುದು ರೈತರಿಗೆ ರೂಢಿಯಾದ ಮಾತು. ಅದೇ ಅಭ್ಯಾಸವನ್ನು ಇಲ್ಲಿ ಅನುಸರಿಸುವುದು ತಪ್ಪು. ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಸಿಂಪರಣೆಯ ಕಾಲ ಮುಗಿದ ಮೇಲೆ ತುಂಬಿಸಿಯೇ ಇಟ್ಟರೆ ಅದು ಉಬ್ಬಿ ಹಾಳಾಗುತ್ತದೆ. ಕೋಶವೊಂದಕ್ಕೆ ಸುಮಾರು 3.8 ವೋಲ್ಟ್ ಇರುವಂತೆ ಮಾಡಿ, ತಂಪಾದ ಜಾಗದಲ್ಲಿ ಇಡಬೇಕು. ಉಬ್ಬಿದ ಬ್ಯಾಟರಿಗೆ ಚಾರ್ಜ್ ಮಾಡಲೇಬಾರದು. ಹಾರಾಟ ಮುಗಿಸಿ ಬಿಸಿಯಾಗಿರುವ ಬ್ಯಾಟರಿಯನ್ನು ಆರಲು ಬಿಟ್ಟು ನಂತರವೇ ಚಾರ್ಜಿಗೆ ಹಾಕಬೇಕು. ಹುಲ್ಲಿನ ಬಣವೆಯ ಪಕ್ಕದಲ್ಲಿ, ಗೊಬ್ಬರದ ಚೀಲಗಳ ನಡುವೆ, ರಾತ್ರಿ ಮಲಗುವ ಕೋಣೆಯಲ್ಲಿ ಚಾರ್ಜ್ ಮಾಡುವುದು ಮನೆಗೆ ಬೆಂಕಿಯನ್ನು ಕರೆದಂತೆ.

ಕಪ್ಪಾದ ಕನೆಕ್ಟರ್ ಹೇಳುವುದೇನು?

ಡ್ರೋನ್ ಮೇಲೇರುವಾಗ ಬ್ಯಾಟರಿಯಿಂದ ನೂರು ಆಂಪಿಯರಿಗೂ ಹೆಚ್ಚು ಪ್ರವಾಹ ಹರಿಯಬಹುದು. ಕನೆಕ್ಟರಿನ ಲೋಹ ಕಿಲುಬು ಹಿಡಿದು, ಅಥವಾ ಔಷಧಿಯ ಅಂಶ ಅಂಟಿ, ಓಮಿನ ನೂರನೇ ಒಂದು ಭಾಗದಷ್ಟು ರೋಧ ಸೇರಿತೆನ್ನಿ. 5 ಆಂಪಿಯರ್ ಹರಿಯುವಲ್ಲಿ ಇದರಿಂದ ಹುಟ್ಟುವ ಶಾಖ ಕಾಲು ವಾಟ್ ಮಾತ್ರ, ಯಾರಿಗೂ ತಿಳಿಯುವುದಿಲ್ಲ. ಆದರೆ 100 ಆಂಪಿಯರ್ ಹರಿದಾಗ ಅದೇ ಜಾಗದಲ್ಲಿ 100 ವಾಟ್ ಶಾಖ ಹುಟ್ಟುತ್ತದೆ. ಹಳೆಯ ನೂರು ವಾಟಿನ ಬಲ್ಬಿನ ಶಾಖ ಹೆಬ್ಬೆರಳಿನಷ್ಟು ಜಾಗದಲ್ಲಿ! ಪ್ರವಾಹ ಇಪ್ಪತ್ತು ಪಟ್ಟಾದರೆ ಶಾಖ ನಾನೂರು ಪಟ್ಟಾಗುತ್ತದೆ. ಕಪ್ಪಾದ, ಪ್ಲಾಸ್ಟಿಕ್ ಕರಗಿದ ಕನೆಕ್ಟರನ್ನು ಉಜ್ಜಿ ಮತ್ತೆ ಹಾಕುವುದಕ್ಕಿಂತ ಬದಲಾಯಿಸುವುದೇ ಲೇಸು.

ಪರೀಕ್ಷೆಗೆ ಒಂದು ಮಲ್ಟಿಮೀಟರ್ ಇರಬೇಕು. ವೋಲ್ಟೇಜನ್ನು ಅಳೆಯುವಾಗ ಅದರ ಎರಡು ಮೊನೆಗಳನ್ನು ಬ್ಯಾಟರಿಯ ಎರಡು ತುದಿಗಳಿಗೆ ಹಿಡಿಯಬೇಕು. ಮೀಟರು ಆಂಪಿಯರ್ ಸ್ಥಾನದಲ್ಲಿರುವಾಗ ಹೀಗೆ ಹಿಡಿದರೆ ನೇರ ಶಾರ್ಟ್ ಆಗಿ ಕಿಡಿ ಹಾರುತ್ತದೆ, ಕೈ ಸುಡುತ್ತದೆ. ಸಾಮಾನ್ಯ ಮಲ್ಟಿಮೀಟರಿನ ಮಿತಿ 10 ಆಂಪಿಯರ್. ಡ್ರೋನಿನ ಪ್ರವಾಹಕ್ಕೆ ಅದು ಸಾಲದು. ತಂತಿಯ ಸುತ್ತ ಹಿಡಿದು ಅಳೆಯುವ ಕ್ಲಾಂಪ್ ಮೀಟರ್ ಬೇಕು. ಪಂಪ್‌ಸೆಟ್ ರಿಪೇರಿ ಮಾಡುವವರ ಬಳಿ ಇರುವ ಕ್ಲಾಂಪ್ ಮೀಟರುಗಳಲ್ಲಿ ಹಲವು ಎ.ಸಿ. ಪ್ರವಾಹವನ್ನು ಮಾತ್ರ ಅಳೆಯುತ್ತವೆ. ಬ್ಯಾಟರಿಯ ಡಿ.ಸಿ. ಪ್ರವಾಹಕ್ಕೆ ಅವು ಸೊನ್ನೆ ತೋರಿಸುತ್ತವೆ. ಸೊನ್ನೆ ಎಂದರೆ ಪ್ರವಾಹವಿಲ್ಲವೆಂದು ನಂಬಿ ತಂತಿಗೆ ಕೈ ಹಾಕಬಾರದು. ಯಾವುದೇ ಪರೀಕ್ಷೆಗಾಗಿ ಬ್ಯಾಟರಿ ಜೋಡಿಸುವ ಮುಂಚೆ ರೆಕ್ಕೆಗಳನ್ನು ಬಿಚ್ಚಿಡುವುದು ಕಡ್ಡಾಯ.

ಎತ್ತರ ಅಳೆಯುವ ಉಪಕರಣ

ದೊಡ್ಡ ವಿಮಾನದಲ್ಲಿರುವಂತೆ ಡ್ರೋನಿನಲ್ಲಿಯೂ ಎತ್ತರವನ್ನು ಗಾಳಿಯ ಒತ್ತಡದಿಂದ ಲೆಕ್ಕ ಹಾಕುವ ಉಪಕರಣವಿದೆ. ಸುಮಾರು 9 ಮೀಟರ್ ಮೇಲೇರಿದರೆ ಗಾಳಿಯ ಒತ್ತಡ 1 ಹೆಕ್ಟೊಪಾಸ್ಕಲ್ ಕಡಿಮೆಯಾಗುತ್ತದೆ. ಆದರೆ ಒತ್ತಡ ಇಳಿಯಲು ಮೇಲೇರಲೇಬೇಕೆಂದಿಲ್ಲ. ನಮ್ಮ ಪ್ರದೇಶದಲ್ಲಿ ಬೆಳಿಗ್ಗೆ ಹತ್ತರ ಸುಮಾರಿಗೆ ಹೆಚ್ಚಿರುವ ಒತ್ತಡ ಸಂಜೆ ನಾಲ್ಕರ ಹೊತ್ತಿಗೆ 3ರಿಂದ 4 ಹೆಕ್ಟೊಪಾಸ್ಕಲ್ ಇಳಿಯುವುದು ಸಾಮಾನ್ಯ. ನೆಲದ ಮೇಲೆಯೇ ಕುಳಿತ ಉಪಕರಣ ತಾನು ಮೂವತ್ತು ಮೀಟರ್ ಮೇಲೇರಿದ್ದೇನೆಂದು ಹೇಳಬಲ್ಲದು! ಆದಕಾರಣ ಪ್ರತಿ ಹಾರಾಟದ ಆರಂಭದಲ್ಲಿ ಎತ್ತರ ಸೊನ್ನೆಯಿಂದ ಶುರುವಾಗಿದೆಯೇ ಎಂದು ನೋಡಬೇಕು. ಪೈರಿನ ಮೇಲೆ ಎರಡು ಮೂರು ಮೀಟರ್ ಎತ್ತರ ಕಾಯ್ದುಕೊಳ್ಳಲು ಈ ಉಪಕರಣ ಸಾಲದೆಂದೇ ಕೆಳಮುಖವಾದ ರೇಡಾರ್ ಒಂದನ್ನು ಜೋಡಿಸಿರುತ್ತಾರೆ. ಅದಕ್ಕೂ ಮಿತಿಯುಂಟು: ಬೆಳೆ ವಿರಳವಾಗಿದ್ದರೆ ಅಲೆಗಳು ಎಲೆಗಳ ನಡುವೆ ನುಸುಳಿ ನೆಲದಿಂದ ಮರಳಬಹುದು, ಆಗ ಯಂತ್ರ ಪೈರಿಗೆ ತೀರ ಹತ್ತಿರವಾಗುತ್ತದೆ.

ಒತ್ತಡದ ಉಪಕರಣಕ್ಕೆ ಗಾಳಿ ಒಳಹೋಗುವ ಒಂದು ಚಿಕ್ಕ ರಂಧ್ರ ಬೇಕು. ಅದು ಮುಚ್ಚಿದರೆ ಏನಾಗಬಹುದೆಂಬುದಕ್ಕೆ 1996ರ ಎರಡು ದುರಂತಗಳು ಸಾಕ್ಷಿ. ಆ ವರ್ಷದ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಪೋರ್ಟೊ ಪ್ಲಾಟಾದಿಂದ ಹೊರಟ ಬೋಯಿಂಗ್ 757 ವಿಮಾನ ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ವೇಗ ಅಳೆಯುವ ಪಿಟೊ ಕೊಳವೆಯೊಂದು ಕಟ್ಟಿಕೊಂಡಿತ್ತು. ಹಲವು ದಿನ ಮುಚ್ಚಳವಿಲ್ಲದೆ ನಿಂತಿದ್ದ ವಿಮಾನದ ಆ ಕೊಳವೆಯಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿರಬೇಕೆಂದು ಸಂಶಯಿಸಲಾಯಿತು. ಅದೇ ವರ್ಷ ಅಕ್ಟೋಬರ್ 2ರಂದು ಪೆರು ದೇಶದ ಲಿಮಾದಿಂದ ಹೊರಟ ಮತ್ತೊಂದು 757ರಲ್ಲಿ 70 ಜನ ಮಡಿದರು. ವಿಮಾನವನ್ನು ಶುಚಿಗೊಳಿಸುವಾಗ ಒತ್ತಡದ ರಂಧ್ರಗಳಿಗೆ ಅಂಟಿಸಿದ್ದ ಟೇಪನ್ನು ಕೀಳಲು ಮರೆತಿದ್ದರು. ಕತ್ತಲಲ್ಲಿ, ಸಮುದ್ರದ ಮೇಲೆ, ವೇಗವೂ ಎತ್ತರವೂ ಸುಳ್ಳಾಗಿದ್ದವು. ವಿಮಾನ ಚಾಲಕರ ಕೌಶಲವನ್ನು ಒಂದು ತುಂಡು ಟೇಪು ಸೋಲಿಸಿತು.

ಕಣಜಗಳು ನಮ್ಮ ಕೊಟ್ಟಿಗೆ, ಪಂಪ್‌ಮನೆಗಳಲ್ಲಿಯೂ ಗೂಡು ಕಟ್ಟುತ್ತವೆ. ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟ ಡ್ರೋನನ್ನು ಹೊರತೆಗೆದಾಗ ರಂಧ್ರಗಳನ್ನೂ ನಾಸಲ್‌ಗಳನ್ನೂ ಬೆಳಕಿನಲ್ಲಿ ಪರೀಕ್ಷಿಸಬೇಕು. ತೊಳೆಯುವಾಗ ಏನನ್ನಾದರೂ ಮುಚ್ಚಿದ್ದರೆ, ಮುಚ್ಚಿದ್ದನ್ನು ಆಗಲೇ ಬರೆದಿಟ್ಟು, ತೆಗೆದ ಮೇಲೆ ಹೊಡೆದು ಹಾಕಬೇಕು.

ದಿಕ್ಸೂಚಿ

ನಮ್ಮ ನಾಡಿನಲ್ಲಿ ಭೂಮಿಯ ಕಾಂತಬಲ ಸುಮಾರು 40 ಮೈಕ್ರೊಟೆಸ್ಲಾ, ಅಂದರೆ ತೀರ ಕ್ಷೀಣ. 100 ಆಂಪಿಯರ್ ಹರಿಯುವ ಒಂಟಿ ತಂತಿಯಿಂದ 10 ಸೆಂಟಿಮೀಟರ್ ದೂರದಲ್ಲಿ ಹುಟ್ಟುವ ಕಾಂತಬಲ ಇದರ ಐದು ಪಟ್ಟು. ದಿಕ್ಸೂಚಿಯನ್ನು ಎತ್ತರದ ಕಂಬಿಯ ಮೇಲೆ ಇಡುವುದು, ಹೋಗುವ ಬರುವ ತಂತಿಗಳನ್ನು ಒಟ್ಟಿಗೆ ಹೊಸೆಯುವುದು ಇದೇ ಕಾರಣಕ್ಕೆ. ರಿಪೇರಿ ಮಾಡಿದವರು ತಂತಿಯನ್ನು ಬೇರೆ ದಾರಿಯಲ್ಲಿ ಎಳೆದಿದ್ದರೆ ಯಂತ್ರ ನೆಲದ ಮೇಲೆ ಸರಿಯಾದ ದಿಕ್ಕು ತೋರಿಸಿ, ಮೇಲೇರಿದ ಕೂಡಲೇ ಸುತ್ತತೊಡಗಬಹುದು. ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಕಣ, ಟ್ರ್ಯಾಕ್ಟರ್, ಕೊಳವೆ ಬಾವಿಯ ಕೇಸಿಂಗ್ ಪೈಪು ಇವುಗಳ ಬಳಿ ದಿಕ್ಸೂಚಿಯನ್ನು ಹೊಂದಿಸಬಾರದು.

ಹರಿವಿನ ಮೀಟರು ಮತ್ತು ಬಕೆಟ್ಟು

ಬೆಳೆಯ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದುದು ಔಷಧಿಯ ಹರಿವನ್ನು ಹೇಳುವ ಮೀಟರು. ಹಲವು ಡ್ರೋನ್‌ಗಳಲ್ಲಿ ಇದೊಂದು ಪುಟ್ಟ ಚಕ್ರ. ಚಕ್ರದ ಕಾಂತ ಸುತ್ತಿದಂತೆಲ್ಲ ಸಂಕೇತಗಳು ಬರುತ್ತವೆ, ಅವುಗಳನ್ನು ಎಣಿಸಿ ಲೀಟರಿಗೆ ಪರಿವರ್ತಿಸಲಾಗುತ್ತದೆ. ಅದು ಎಣಿಸುವುದು ಸುತ್ತುಗಳನ್ನು, ಔಷಧಿಯನ್ನಲ್ಲ. ನೀರಿನಲ್ಲಿ ಕದಡುವ ಪುಡಿ ಔಷಧಿಯ ಗಸಿ ಅಂಟಿದರೆ ಚಕ್ರ ನಿಧಾನವಾಗುತ್ತದೆ. ಆಗ ಹರಿವು ಕಡಿಮೆಯಿದೆಯೆಂದು ಬಗೆದು ಯಂತ್ರ ಪಂಪನ್ನು ಇನ್ನಷ್ಟು ಜೋರಾಗಿ ಓಡಿಸುತ್ತದೆ, ಪರದೆಯ ಮೇಲೆ ಮಾತ್ರ ಅಂಕಿ ಸರಿಯಾಗಿಯೇ ಇರುತ್ತದೆ. ಎಕರೆಗೆ 200 ಲೀಟರ್ ನೀರಿನಲ್ಲಿ ಹೋಗುತ್ತಿದ್ದ ಔಷಧಿ ಡ್ರೋನಿನಲ್ಲಿ ಸುಮಾರು 10 ಲೀಟರಿನಲ್ಲಿ ಹೋಗುವುದರಿಂದ ದ್ರಾವಣ ಇಪ್ಪತ್ತು ಪಟ್ಟು ಗಾಢ. ಇಲ್ಲಿ ಹೆಚ್ಚಾದರೆ ಎಲೆ ಸುಡುತ್ತದೆ, ಕಡಿಮೆಯಾದರೆ ಕೀಟ ಉಳಿಯುತ್ತದೆ.

ಪರೀಕ್ಷೆಗೆ ಬೇಕಾದುದು ಒಂದು ಅಳತೆಯ ಬಕೆಟ್ಟು ಹಾಗೂ ಗಡಿಯಾರ. ಸಿಂಪರಣೆಯ ಅಗಲ 4 ಮೀಟರ್, ವೇಗ ಸೆಕೆಂಡಿಗೆ 4 ಮೀಟರ್ ಇದ್ದರೆ ನಿಮಿಷಕ್ಕೆ 960 ಚದರ ಮೀಟರ್ ಮುಗಿಯುತ್ತದೆ. ಎಕರೆಯೆಂದರೆ 4,047 ಚದರ ಮೀಟರ್, ಸುಮಾರು 4.2 ನಿಮಿಷದ ಕೆಲಸ. ಎಕರೆಗೆ 10 ಲೀಟರ್ ಬೀಳಬೇಕಾದರೆ ನಿಮಿಷಕ್ಕೆ 2.4 ಲೀಟರಿನಷ್ಟು ಹರಿಯಬೇಕು. ರೆಕ್ಕೆ ಬಿಚ್ಚಿ, ಬರಿಯ ನೀರು ತುಂಬಿ, ಪಂಪನ್ನು ಮಾತ್ರ ಒಂದು ನಿಮಿಷ ಓಡಿಸಿ, ಎಲ್ಲ ನಾಸಲ್‌ಗಳ ನೀರನ್ನು ಹಿಡಿದು ಅಳೆಯಬೇಕು. ಪರದೆ 2.4 ಎಂದು, ಬಕೆಟ್ಟು 2.8 ಎಂದು ಹೇಳಿದರೆ ನಂಬಬೇಕಾದುದು ಬಕೆಟ್ಟನ್ನು. ಆಗ ಚಕ್ರವನ್ನು ತೊಳೆದು, ತಯಾರಕರು ತಿಳಿಸಿದ ಕ್ರಮದಲ್ಲಿ ಮೀಟರನ್ನು ಮತ್ತೆ ಹೊಂದಿಸಿ, ಇನ್ನೊಮ್ಮೆ ಅಳೆಯಬೇಕು. ಈ ಕೆಲಸಕ್ಕೆ ಅರ್ಧ ಗಂಟೆ ಸಾಕು. ಬೇರೆ ಔಷಧಿಗೆ ಬದಲಾಯಿಸಿದಾಗಲೆಲ್ಲ, ಅದರಲ್ಲೂ ಪುಡಿ ಔಷಧಿ ಬಳಸಿದ ಮರುದಿನ, ಇದನ್ನು ತಪ್ಪದೆ ಮಾಡಿ ಅಂಕಿಗಳನ್ನು ದಿನಾಂಕದೊಡನೆ ಯಂತ್ರದ ಪುಸ್ತಕದಲ್ಲಿ ಬರೆದಿಡಬೇಕು.