ಅಲ್ಝೈಮರ್ಸ್ ಔಷಧ: ಚಿಂತಾಮಣಿ ಗಡಿಯಾಚೆಯ ಅಧ್ಯಯನ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಯ ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು ಅಲ್ಝೈಮರ್ಸ್ ಔಷಧ ಸಂಶೋಧನೆಯನ್ನು ದೂರದ ವಿಷಯವೆಂದು ಬಿಡಬಾರದು. ಚಿಂತಾಮಣಿಗೆ ಹೊಂದಿಕೊಂಡಿರುವ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 'ಸ್ಯಾನ್ಸ್‌ಕಾಗ್' ಅಧ್ಯಯನ ನಡೆಸುತ್ತಿದೆ. 45 ವರ್ಷ ಮೇಲ್ಪಟ್ಟ 10,000 ಗ್ರಾಮಸ್ಥರನ್ನು ದೀರ್ಘಕಾಲ ಗಮನಿಸುವುದು ಗುರಿ. ನೆನಪಿನ ಪರೀಕ್ಷೆ, ರಕ್ತ, ವಂಶವಾಹಿ, ಎಂಆರ್‌ಐ ಎಲ್ಲವೂ ಇದರಲ್ಲಿವೆ. ಮರೆವು ಕಾಣಿಸುವ ಎಷ್ಟೋ ವರ್ಷ ಮೊದಲೇ ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನಿನ ಶೇಖರಣೆ ಶುರುವಾಗುವುದರಿಂದ, ಇಂಥ ಮಾಹಿತಿಯಿಲ್ಲದೆ ನಮ್ಮ ಜನರಿಗೆ ಒಪ್ಪುವ ಔಷಧ ರೂಪಿಸುವುದು ಕಷ್ಟ.

ಕೇಂದ್ರದ ಸ್ಥಾಪಕ ನಿರ್ದೇಶಕಿ ವಿಜಯಲಕ್ಷ್ಮಿ ರವೀಂದ್ರನಾಥ್. ಅವರ ತಂಡ 2012ರಲ್ಲಿ ಅಶ್ವಗಂಧದ ಸಾರ ಇಲಿಗಳಲ್ಲಿ ಅಮಿಲಾಯ್ಡ್ ತಗ್ಗಿಸಿದ್ದನ್ನು ಪ್ರಕಟಿಸಿತು. ಸಾರ ಕೆಲಸ ಮಾಡಿದ್ದು ಮುಖ್ಯವಾಗಿ ಯಕೃತ್ತಿನ ಮೂಲಕ ಎಂಬುದೇ ಅದರ ವಿಶೇಷ. ಇಲಿಗೆ ಹಿಡಿಸಿದ್ದು ಮನುಷ್ಯರಿಗೂ ಹಿಡಿಸುತ್ತದೆಂದು ಬರೆದರೆ ತಪ್ಪು. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಟಿ. ಗೋವಿಂದರಾಜು ತಂಡದ 'ಟಿಜಿಆರ್63' ಅಣುವೂ ಇಲಿಗಳಲ್ಲಿ ಫಲ ತೋರಿದೆ.

ಈಗಾಗಲೇ ಬಳಕೆಯಲ್ಲಿರುವ ಔಷಧಗಳಲ್ಲಿ ಡೊನೆಪೆಜಿಲ್ (ಅಮೆರಿಕದಲ್ಲಿ ಅನುಮೋದನೆ 1996) ಅಸಿಟೈಲ್‌ಕೋಲಿನ್ ಒಡೆಯುವುದನ್ನು ತಡೆಯುತ್ತದೆ. ಮೆಮಂಟೈನ್ ಗ್ಲುಟಮೇಟ್ ಪ್ರಭಾವ ನಿಯಂತ್ರಿಸುತ್ತದೆ. ಇವು ಲಕ್ಷಣಗಳಿಗಷ್ಟೇ. ಲೆಕಾನೆಮ್ಯಾಬ್ (ಅಮೆರಿಕದಲ್ಲಿ ಪೂರ್ಣ ಅನುಮೋದನೆ 2023) ಅಮಿಲಾಯ್ಡನ್ನೇ ತೆಗೆಯುವ ಪ್ರತಿಕಾಯ. ಕಾಯಿಲೆಯ ಆರಂಭದಲ್ಲಿ ಮಾತ್ರ ಕೊಡುತ್ತಾರೆ. ಮಿದುಳಿನ ಊತ, ರಕ್ತಸ್ರಾವದ ಅಪಾಯವಿರುವುದರಿಂದ ಎಂಆರ್‌ಐ ನಿಗಾ ಕಡ್ಡಾಯ. ಹೇಳಿಕೆ ಆಧಾರಿತ ಪ್ರಶ್ನೆಯಲ್ಲಿ ಲೆಕಾನೆಮ್ಯಾಬ್ ಕಾಯಿಲೆಯನ್ನು 'ಗುಣಪಡಿಸುತ್ತದೆ' ಎಂದಿದ್ದರೆ ತಪ್ಪೆಂದು ಗುರುತಿಸಿ: ಅದು ಕುಸಿತವನ್ನು ನಿಧಾನಗೊಳಿಸುತ್ತದೆ, ಅಷ್ಟೇ.