ಆರ್ಕಿಡ್ ಕುಂಡಕ್ಕೆ ಕೃತಕ ಮಾಧ್ಯಮ: ಆರಿಸುವ ಮುನ್ನ

ಮಣ್ಣಿನ ಮೂಲಕ ಹರಡುವ ರೋಗವೆಂದರೆ ಏನೆಂಬುದನ್ನು ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ರೈತರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ನಂಜನಗೂಡು ರಸಬಾಳೆಯ ತೋಟಗಳನ್ನು ಪನಾಮಾ ಸೊರಗು ರೋಗ ಬರಿದು ಮಾಡಿದ್ದು ಎಲ್ಲರಿಗೂ ತಿಳಿದದ್ದೇ. ಆ ರೋಗದ ಶಿಲೀಂಧ್ರ ಒಮ್ಮೆ ಮಣ್ಣಿಗೆ ಸೇರಿದರೆ ದಶಕಗಳವರೆಗೆ ಉಳಿಯುತ್ತದೆ. ಆದ್ದರಿಂದ ಮಣ್ಣೇ ಬೇಡದ ಆರ್ಕಿಡ್ ಹೂವಿನ ಬೇಸಾಯದ ಮಾತು ಇಲ್ಲಿ ಆಸೆ ಹುಟ್ಟಿಸುವುದು ಸಹಜ. ಆದರೆ ಮಣ್ಣಿಲ್ಲದ ಮಾತ್ರಕ್ಕೆ ಬೇರು ಕೊಳೆಯುವುದಿಲ್ಲವೆಂದು ತಿಳಿಯಬಾರದು. ಸಾಲ ಮಾಡಿ ನೆರಳುಮನೆ ಕಟ್ಟಿ, ಬೆಲೆ ತೆತ್ತು ಗಿಡ ತಂದು, ಎರಡನೆಯ ಮಳೆಗಾಲದಲ್ಲಿ ಸಾಲುಸಾಲಾಗಿ ಕಳೆದುಕೊಂಡರೆ ಅದರ ಕಾರಣವನ್ನು ಮೊದಲು ಮಾಧ್ಯಮದಲ್ಲಿಯೂ ನೀರಿನಲ್ಲಿಯೂ ಹುಡುಕಬೇಕು.

ಡೆಂಡ್ರೋಬಿಯಂ, ವ್ಯಾಂಡ, ಮೊಕಾರ ಮುಂತಾದವು ಮರದ ಮೇಲೆ ಬಾಳುವ ಗುಂಪಿಗೆ ಸೇರಿದವು. ನಮ್ಮ ಮಲೆನಾಡಿನ ಸೀತಾಳೆ ದಂಡೆಯ ಬದುಕೂ ಅಂತಹುದೇ. ಇವು ಮರದ ರಸ ಹೀರುವುದಿಲ್ಲ, ಮರವನ್ನು ಆಸರೆಯಾಗಿ ಮಾತ್ರ ಹಿಡಿಯುತ್ತವೆ. ಬೇರಿನ ಸುತ್ತ ಸತ್ತ ಜೀವಕೋಶಗಳ ಬಿಳಿ ಹೊದಿಕೆಯಿದ್ದು ಅದು ಸ್ಪಂಜಿನಂತೆ ನೀರನ್ನು ಬೇಗ ಹೀರುತ್ತದೆ. ಹೀರಿದ ಮೇಲೆ ಬೇರಿಗೆ ಗಾಳಿ ಬೇಕು. ಹೀಗೆ ನೆನೆದು ಆರುವ ಅವಕಾಶ ಕೊಡುವುದೇ ಮಾಧ್ಯಮದ ಮುಖ್ಯ ಕೆಲಸ.

ಇದನ್ನು ಮನೆಯಲ್ಲಿಯೇ ಅಳೆಯಬಹುದು. ಕುಂಡದ ರಂಧ್ರಗಳನ್ನು ಮುಚ್ಚಿ ಅದಕ್ಕೆ ಎಷ್ಟು ನೀರು ಹಿಡಿಯುತ್ತದೆಂದು ನೋಡಿ ಬರೆದುಕೊಳ್ಳಬೇಕು. ನೀರನ್ನು ಚೆಲ್ಲಿ, ಒಂದು ದಿನ ನೆನೆಸಿದ ಮಾಧ್ಯಮವನ್ನು ತುಂಬಿ, ಮೇಲ್ಮಟ್ಟದವರೆಗೆ ಮತ್ತೆ ನೀರು ಹಾಕಬೇಕು. ಬಳಿಕ ರಂಧ್ರ ತೆರೆದು ಹರಿದು ಬಂದ ನೀರನ್ನು ಪಾತ್ರೆಯಲ್ಲಿ ಹಿಡಿದು ಅಳೆಯಬೇಕು. ಒಂದು ಲೀಟರ್ ಕುಂಡದಿಂದ 400 ಮಿಲಿಲೀಟರ್ ಬಂದರೆ ಗಾಳಿಯ ಪಾಲು ಶೇ. 40 ಎಂದಾಯಿತು. ಮರವಾಸಿ ಆರ್ಕಿಡ್‌ಗೆ ಈ ಪಾಲು ಮೂರನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಆ ಮಾಧ್ಯಮವನ್ನು ಕೈಬಿಡುವುದು ಮೇಲು. ಅದೇ ಕುಂಡವನ್ನು ಮಾರನೆಯ ದಿನವೂ ಅದರ ಮರುದಿನವೂ ತೂಗಿದರೆ ಎಷ್ಟು ಬೇಗ ಆರುತ್ತದೆಂಬುದೂ ತಿಳಿಯುತ್ತದೆ.

ಈಗ ಪೇಟೆಯಲ್ಲಿ ಸಿಗುವ ವಸ್ತುಗಳನ್ನು ನೋಡೋಣ. ಥರ್ಮೋಕೋಲ್ ಚೂರು ಹಗುರ, ಕೊಳೆಯುವುದಿಲ್ಲ, ನೀರನ್ನೂ ಹಿಡಿಯುವುದಿಲ್ಲ. ಕುಂಡದ ತಳದಲ್ಲಿ ನೀರು ಬಸಿಯಲು ಒಂದೆರಡು ಅಂಗುಲ ಹಾಕಬಹುದು. ಕುಂಡದ ತುಂಬ ಅದನ್ನೇ ತುಂಬಿದರೆ ಬೇಸಿಗೆಯಲ್ಲಿ ಗಿಡ ಒಣಗುತ್ತದೆ, ಗಾಳಿಗೆ ಕುಂಡವೂ ಉರುಳುತ್ತದೆ. ಇದರಲ್ಲಿ ಇರುವೆ ಗೂಡು ಮಾಡುವುದುಂಟು. ಇರುವೆಗೆಂದು ಕೀಟನಾಶಕ ಸಿಂಪಡಿಸಿದರೆ ನರಸೀಪುರದ ಕಡೆ ಪಕ್ಕದ ಹಿಪ್ಪುನೇರಳೆ ತೋಟಕ್ಕೆ ಅದು ತೇಲಿಹೋಗಿ ರೇಷ್ಮೆಹುಳುವಿಗೆ ಕೇಡಾದೀತು. ನೆರೆಯವರೊಡನೆ ಜಗಳಕ್ಕೆ ಇಷ್ಟೇ ಸಾಕು.

ಫೋಮ್ ತುಂಡು ಮತ್ತು ಕಲ್ಲುನಾರು ಎರಡೂ ನೀರನ್ನು ಬಹಳ ಹಿಡಿಯುತ್ತವೆ. ಕಲ್ಲುನಾರೆಂದರೆ ಬಸಾಲ್ಟ್ ಶಿಲೆಯನ್ನು ಕರಗಿಸಿ ಎಳೆದ ನಾರು. ಹೊಸದರಲ್ಲಿ ಅದು ಕ್ಷಾರ ಗುಣದ್ದಾದ್ದರಿಂದ ಸುಮಾರು 5.5 ರಸಸಾರದ ನೀರಿನಲ್ಲಿ ನೆನೆಸಿಯೇ ಬಳಸಬೇಕು. ಎಳೆಗಳು ಚರ್ಮಕ್ಕೆ ತುರಿಕೆ ತರುವುದರಿಂದ ಕೈಗವಸು ಅಗತ್ಯ. ಅಂಗಾಂಶ ಕೃಷಿಯಿಂದ ಬಂದ ಎಳೆಯ ಸಸಿಗಳಿಗೆ ಇವು ಆದೀತು. ದೊಡ್ಡ ಗಿಡಕ್ಕೆ, ಅದರಲ್ಲೂ ಮೋಡ ಮುಸುಕಿ ವಾರಗಟ್ಟಲೆ ಜಿನುಗುವ ದಿನಗಳಲ್ಲಿ, ಬೇರು ಕೊಳೆಯುವ ಭಯವಿದೆ. ಫೋಮ್ ಬಿಸಿಲಿಗೆ ಪುಡಿಯೂ ಆಗುತ್ತದೆ. ಪರದೇಶದ ಪುಸ್ತಕ ನೋಡಿ ಮಾಧ್ಯಮ ಆರಿಸುವವರು ಆ ಬೆಳೆ ಹವೆ ನಿಯಂತ್ರಿಸಿದ ಗಾಜಿನ ಮನೆಯದೆಂಬುದನ್ನು ಮರೆಯುತ್ತಾರೆ.

ಪರ್ಲೈಟ್ ಎಂಬುದು ಜ್ವಾಲಾಮುಖಿ ಗಾಜನ್ನು ಕಾಯಿಸಿ ಅರಳಿಸಿದ ಬಿಳಿ ಕಾಳು. ಮಿಶ್ರಣಕ್ಕೆ ಒಳ್ಳೆಯದೇ, ಆದರೆ ನೀರು ಹಾಕಿದಾಗ ಮೇಲಕ್ಕೆ ತೇಲುತ್ತದೆ. ಅದರ ದೂಳು ಉಸಿರಿಗೆ ಕೆಟ್ಟದ್ದು. ನೀರು ಚಿಮುಕಿಸಿಕೊಂಡು ಚೀಲ ಬಿಚ್ಚಬೇಕು. ಇವೆಲ್ಲಕ್ಕಿಂತ ನಮ್ಮ ಭಾಗಕ್ಕೆ ಹೊಂದುವುದು ಸುಟ್ಟು ಅರಳಿಸಿದ ಜೇಡಿಮಣ್ಣಿನ ಉಂಡೆ. ತೂಕವಿದೆ, ಕೊಳೆಯದು, ತೊಳೆದು ಮತ್ತೆ ಬಳಸಬಹುದು. ದುಬಾರಿಯೆನಿಸಿದರೆ ಹಳೆಯ ಮಂಗಳೂರು ಹೆಂಚಿನ ಚೂರು ಬಹುಮಟ್ಟಿಗೆ ಇದೇ ಕೆಲಸ ಮಾಡುತ್ತದೆ. ಅದಕ್ಕೆ ಇದ್ದಲು ಹಾಗೂ ತೆಂಗಿನಕಾಯಿ ಮಟ್ಟೆಯ ತುಂಡು ಸೇರಿಸಬಹುದು. ಮಟ್ಟೆಯಲ್ಲಿ ಪೊಟ್ಯಾಷ್, ಸೋಡಿಯಂ ಲವಣಗಳಿರುವುದರಿಂದ ನೀರು ಬದಲಿಸುತ್ತ ಹಲವು ದಿನ ನೆನೆಸಬೇಕು. ಸುಮಾರು ಎರಡು ವರ್ಷಕ್ಕೆ ಅದು ಮೆತ್ತಗಾಗುವುದರಿಂದ ಆಗ ಕುಂಡ ಬದಲಿಸುವುದು ತಪ್ಪದು.

ಕೊಳವೆಬಾವಿಯ ಗಡಸು ನೀರು ಕೊಡುವವರು ವಿಶೇಷ ಎಚ್ಚರ ವಹಿಸಬೇಕು. ಉಂಡೆಯಾಗಲಿ ಹೆಂಚಾಗಲಿ ಇದ್ದಲಾಗಲಿ ಉಪ್ಪನ್ನು ಕೂಡಿಹಾಕುತ್ತದೆ. ಮೇಲೆ ಬಿಳಿ ಪೊರೆ ಕಂಡು, ಬೇರಿನ ಹಸಿರು ತುದಿ ಕಪ್ಪಾದರೆ ಅದೇ ಗುರುತು. ನೀರಿನ ವಿದ್ಯುದ್ವಾಹಕತೆ 0.5 ಡೆಸಿಸೀಮನ್ಸ್‌ಗಿಂತ ಕಡಿಮೆಯಿರುವುದು ಲೇಸು. ನೀರಿನ ಪರೀಕ್ಷೆಯ ಬಗ್ಗೆ ನಂಜನಗೂಡು ತಾಲ್ಲೂಕಿನ ಸುತ್ತೂರು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಸಾಧ್ಯವಾದಷ್ಟು ಮಳೆನೀರು ಕೂಡಿಡಬೇಕು: 100 ಚದರ ಮೀಟರ್ ಸೂರಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸೋರಿಕೆ ಬಿಟ್ಟು ಸುಮಾರು 1,000 ಲೀಟರ್. ಕೃತಕ ಮಾಧ್ಯಮದಲ್ಲಿ ಸತ್ವವಿರುವುದಿಲ್ಲ. ಆದ್ದರಿಂದ ಬೆಳವಣಿಗೆಯ ಕಾಲದಲ್ಲಿ 19:19:19 ಗೊಬ್ಬರವನ್ನು ಲೀಟರಿಗೆ ಒಂದು ಗ್ರಾಮಿನಂತೆ ವಾರಕ್ಕೊಮ್ಮೆ ಕೊಡಬೇಕು. ಹದಿನೈದು ದಿನಕ್ಕೊಮ್ಮೆ ಬರಿ ನೀರಿನಿಂದ ಕುಂಡವನ್ನು ಚೆನ್ನಾಗಿ ತೊಳೆಯಬೇಕು.

ವ್ಯಾಂಡಕ್ಕೆ ಮಾಧ್ಯಮವೇ ಬೇಡ, ಬುಟ್ಟಿಯಲ್ಲಿ ತೂಗುಬಿಟ್ಟರೆ ಸಾಕು. ಹಲಗೆಯ ಬದಲು ಪಿ.ವಿ.ಸಿ. ಕೊಳವೆಗೆ ಹಳೆಯ ನೆರಳು ಬಲೆಯನ್ನು ಆರೆಂಟು ಪದರ ಸುತ್ತಿ, ಗಿಡವನ್ನು ನೈಲಾನ್ ದಾರದಿಂದ ಕಟ್ಟಬಹುದು. ತಾಮ್ರದ ಅಥವಾ ಸತು ಲೇಪಿಸಿದ ತಂತಿ ಬೇಡ, ಬೇರಿಗೆ ವಿಷ. ಬೇರು ಹಿಡಿದ ಮೇಲೆ ದಾರ ಬಿಚ್ಚಬೇಕು. ಹೀಗೆ ಕಟ್ಟಿದ ಗಿಡಕ್ಕೆ ಮಾರ್ಚ್‌ನಿಂದ ಮೇವರೆಗಿನ ಒಣಗಾಳಿಯಲ್ಲಿ ದಿನಕ್ಕೆ ಎರಡು ಮೂರು ಸಲ ತುಂತುರು ನೀರು ಬೇಕು. ಅದಾಗದವರು ಕುಂಡದಲ್ಲೇ ಬೆಳೆಯಲಿ.

ಸಾವಿರ ಗಿಡಕ್ಕೆ ಒಮ್ಮೆಲೇ ಮಾಧ್ಯಮ ಕೊಳ್ಳುವ ಮುನ್ನ ಒಂದೊಂದರಲ್ಲಿ ಹತ್ತು ಗಿಡ ನೆಟ್ಟು ಒಂದು ಮಳೆಗಾಲ, ಒಂದು ಬೇಸಿಗೆ ನೋಡಬೇಕು. ಆಗಾಗ ಒಂದು ಗಿಡವನ್ನು ಎತ್ತಿ ಬೇರನ್ನು ಬೆರಳಲ್ಲಿ ಒತ್ತಿ ನೋಡುವುದು ಒಳಿತು. ಗಟ್ಟಿಯಾಗಿ ಬೆಳ್ಳಗಿದ್ದರೆ ಸರಿ. ಕಂದಾಗಿ ಹೊದಿಕೆ ಜಾರಿ ಒಳಗಿನ ಎಳೆ ಮಾತ್ರ ಕೈಗೆ ಬಂದರೆ ನೀರನ್ನು ಅಂದೇ ಕಡಿಮೆ ಮಾಡಿ, ಕೊಳೆತ ಬೇರನ್ನು ಕತ್ತರಿಸಿ, ಹೊಸ ಹೆಂಚಿನ ಚೂರಿನಲ್ಲಿ ನೆಡಬೇಕು. ತೆಗೆದ ಥರ್ಮೋಕೋಲನ್ನು ಸುಡಬಾರದು, ನಾಲೆಗೂ ಎಸೆಯಬಾರದು.